ಪದ ಬೇಕಿದೆ, ತುರ್ತು: ಕ್ಲಚ್ 'ಸ್ಲಿಪ್' ಮತ್ತು 'ಡ್ರ್ಯಾಗ್'

ಬೆಳಿಗ್ಗೆ 9:40

ಎಲ್ಲರಿಗೂ ನಮಸ್ಕಾರ. ಬೈಕ್ ರಿಪೇರಿ ಕಲಿಯುವ ಹುಡುಗರಿಗಾಗಿ ಗೋಡೆಗೆ ಹಾಕುವ ಒಂದು ಚಾರ್ಟನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಂಜೆ 5ಕ್ಕೆ ಅಚ್ಚಿಗೆ ಹೋಗಬೇಕು. ಎರಡು ಪದಗಳ ಹತ್ತಿರ ಗಾಡಿ ನಿಂತುಬಿಟ್ಟಿದೆ.

ಕ್ಲಚ್ ಸ್ಲಿಪ್: ಆಕ್ಸಿಲರೇಟರ್ ತಿರುವಿದರೆ ಇಂಜಿನ್ ಕೂಗುತ್ತದೆ, ವೇಗ ಮಾತ್ರ ಏರುವುದಿಲ್ಲ. ಏರುದಾರಿಯಲ್ಲಿ, ಟಾಪ್ ಗೇರಿನಲ್ಲಿ ಜಾಸ್ತಿ ಗೊತ್ತಾಗುತ್ತದೆ.
ಕ್ಲಚ್ ಡ್ರ್ಯಾಗ್: ಇದರ ಉಲ್ಟಾ. ಲಿವರ್ ಪೂರ್ತಿ ಒತ್ತಿದರೂ ಗಾಡಿ ಮುಂದಕ್ಕೆ ತೆವಳುತ್ತದೆ. ನ್ಯೂಟ್ರಲ್ ಸಿಗುವುದಿಲ್ಲ.

ಕರಡಿನಲ್ಲಿ ಮೊದಲನೆಯದಕ್ಕೆ 'ಕ್ಲಚ್ ಹಿಡಿಯುತ್ತಿಲ್ಲ', ಎರಡನೆಯದಕ್ಕೆ 'ಕ್ಲಚ್ ಬಿಡುತ್ತಿಲ್ಲ' ಎಂದು ಬರೆದಿದ್ದೆ. ಒಳ್ಳೆ ಜೋಡಿ ಅಂತ ಖುಷಿಯಲ್ಲಿದ್ದೆ. ನಿನ್ನೆ ಒಬ್ಬ ಹುಡುಗ ಅದನ್ನು ಓದಿ, ಸ್ಲಿಪ್ ಆಗುತ್ತಿದ್ದ ಗಾಡಿಯ ಕೇಬಲ್ ಇನ್ನಷ್ಟು ಬಿಗಿ ಮಾಡಿದ. ಕೇಳಿದರೆ, 'ಹಿಡೀತಿಲ್ಲ ಅಂತ ನೀವೇ ಬರ್ದಿದೀರಲ್ಲ, ಲಿವರ್ ಹಿಡಿದ್ರೂ ಕೆಲಸ ಮಾಡ್ತಿಲ್ಲ ಅಂತ ತಾನೇ?' ಅಂದ. ಅವನ ತಪ್ಪಿಲ್ಲ. 'ಕ್ಲಚ್ ಹಿಡಿ' ಅಂದರೆ ಕೈ ಹಿಡಿಯುತ್ತದೆ, ಒಳಗೆ ಪ್ಲೇಟುಗಳು ಬಿಡುತ್ತವೆ. 'ಕ್ಲಚ್ ಬಿಡು' ಅಂದರೆ ಕೈ ಬಿಡುತ್ತದೆ, ಪ್ಲೇಟುಗಳು ಹಿಡಿಯುತ್ತವೆ. ನನ್ನ ಜೋಡಿ ಎರಡೂ ಕಡೆ ಓದಿಸಿಕೊಳ್ಳುತ್ತದೆ.

ಬೇರೆ ಪದ ಕೊಡಿ. ಇಂದೇ ಬೇಕು.

10:15

ನೀವು ಕೇಳದ ವಿಷಯ ಮೊದಲು. ಕರಡಿನ ಚಿತ್ರ ನೋಡಿದೆ. ಅದರಲ್ಲಿ 'ಘರ್ಷಣಾತಟ್ಟೆ' ಎಂದಿದೆ. ಶುದ್ಧ ಅರಿಸಮಾಸ. ಸಂಸ್ಕೃತದ ಘರ್ಷಣೆಗೆ ಕನ್ನಡದ ತಟ್ಟೆ ಕಟ್ಟುವುದು ಕಾಯಿಸಿದ ಹಾಲಿಗೆ ಮಜ್ಜಿಗೆ ಹನಿ ಬಿಟ್ಟ ಹಾಗೆ ಎಂದು ನಮ್ಮವರು 9ನೇ ಶತಮಾನದಲ್ಲೇ ಬೈದಿದ್ದಾರೆ. 'ಉಜ್ಜುಬಿಲ್ಲೆ' ಎನ್ನಿ.

ಇನ್ನು 'ಕ್ಲಚ್'. ಹಳೆಯ ಇಂಗ್ಲಿಷಿನಲ್ಲಿ ಇದರ ಮೂಲ ಪದಕ್ಕೆ ಬೆರಳು ಮಡಚಿ ಹಿಡಿ ಎಂಬ ಅರ್ಥ. ನಮ್ಮಲ್ಲಿ 'ಹಿಡಿ' ಇರುವಾಗ ಪರರ ಮುಷ್ಟಿ ಯಾಕೆ? ಕ್ಲಚ್ = ಹಿಡಿಕ. ಸ್ಲಿಪ್ = ಹಿಡಿಕಜಾರಿಕೆ. ಮುಗಿಯಿತು.

10:22

'ಹಿಡಿಕ' ಅಂದರೆ ಹುಡುಗ ಹ್ಯಾಂಡಲ್ ನೋಡುತ್ತಾನೆ. ಹಿಡಿಕೆ ಗೊತ್ತಲ್ಲ? ಬೇಡ.

10:31

'ಕ್ಲಚ್ ಸ್ಖಲನ' ಆಗಬಹುದೇ? ಜಾರುವುದು, ತಪ್ಪುವುದು ಎರಡೂ ಅರ್ಥ ಅದರಲ್ಲಿವೆ.

10:33

ಆಗುವುದಿಲ್ಲ. ಗೋಡೆಗೆ ಹಾಕುವ ಚಾರ್ಟ್ ಅದು. ಕಾರಣ ಬಿಡಿಸಿ ಹೇಳಬೇಕಾ?

11:20

ಕೇಳಿದವರು ಅರ್ಧ ಉತ್ತರ ತಾವೇ ಬರೆದಿದ್ದಾರೆ. ಪದ ಕಟ್ಟುವ ಮೊದಲು ಒಳಗೆ ಏನಾಗುತ್ತದೆ ನೋಡೋಣ.

ಬಹುತೇಕ ಬೈಕುಗಳಲ್ಲಿ ಕ್ಲಚ್ ಎಣ್ಣೆಯಲ್ಲಿ ಮುಳುಗಿರುತ್ತದೆ. ಒಂದು ಉಜ್ಜುವ ಪ್ಲೇಟು, ಒಂದು ಉಕ್ಕಿನ ಪ್ಲೇಟು, ಹೀಗೆ ಒಂದರ ಮೇಲೊಂದು ಪೇರಿಸಿರುತ್ತಾರೆ. ನಾಲ್ಕರಿಂದ ಆರು ಸ್ಪ್ರಿಂಗುಗಳು ಅವನ್ನು ಅಮುಕಿ ಹಿಡಿದಿರುತ್ತವೆ. ಲಿವರ್ ಒತ್ತಿದರೆ ಆ ಅಮುಕು ಸಡಿಲ. ಅಂದರೆ ಹಿಡಿಯುವ ಕೆಲಸ ಸ್ಪ್ರಿಂಗಿನದು, ಬಿಡಿಸುವ ಕೆಲಸ ಕೈಯದು. ನಮ್ಮ ಭಾಷೆ ಕೈಯನ್ನು ನೋಡಿ 'ಹಿಡಿ' ಎನ್ನುತ್ತದೆ. ಅದನ್ನು ಬದಲಿಸಲು ಹೋಗಬೇಡಿ, ಯಾರೂ ಕೇಳುವುದಿಲ್ಲ. ಚಾರ್ಟಿನಲ್ಲಿ 'ಹಿಡಿ', 'ಬಿಡು' ಎರಡನ್ನೂ ಲಿವರಿಗೇ ಬಿಟ್ಟುಕೊಡಿ. ಪ್ಲೇಟುಗಳಿಗೆ ಬೇರೆ ಕ್ರಿಯಾಪದ ಹುಡುಕಿ.

ಸ್ಲಿಪ್‌ಗೆ ನನ್ನ ಮತ 'ಕ್ಲಚ್ ಜಾರುತ್ತಿದೆ'. ಜಾರು ಮನೆಯ ಪದ. ತುಳುವಿನಲ್ಲೂ ಇದೆ, ತೆಲುಗಿನಲ್ಲೂ ಇದೆ. ಆದರೆ ಜಾಗ ಸಾಲದು ಅಂತ 'ಕ್ಲಚ್ ಜಾರಿ' ಎಂದು ಮೊಟಕು ಮಾಡಬೇಡಿ. ಆ 'ಜಾರಿ' ಅರಬ್ಬಿಯಿಂದ ಬಂದದ್ದು. ಓದಿದವರು ಸರ್ಕಾರಿ ಆದೇಶ ಅಂದುಕೊಂಡಾರು.

ಡ್ರ್ಯಾಗ್‌ಗೆ 'ಎಳೆಯುತ್ತಿದೆ'. 'ಕ್ಲಚ್ ಹಿಡಿದರೂ ಗಾಡಿ ಎಳೀತದೆ' ಅಂತ ಓಡಿಸುವವರೇ ಬಂದು ಹೇಳುತ್ತಾರೆ.

ಆ ಹುಡುಗ ಮಾಡಿದ ಕೆಲಸದ ಬಗ್ಗೆ ಒಂದು ಮಾತು. ಪ್ಲೇಟು ಸವೆದಂತೆ ಕೇಬಲ್ ಸಡಿಲವಾಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಈ ಕ್ಲಚ್ಚುಗಳಲ್ಲಿ ಆಗುವುದು ತಿರುಗುಮುರುಗು. ಪೇರಿಸಿದ್ದು ತೆಳುವಾದಷ್ಟೂ ಲಿವರಿನ ಸಡಿಲ ಕರಗುತ್ತದೆ. ಕೊನೆಗೆ ಕೈ ಮುಟ್ಟದೇ ಇದ್ದರೂ ಕೇಬಲ್ಲೇ ಪ್ಲೇಟುಗಳನ್ನು ಚೂರು ಬಿಡಿಸಿ ಹಿಡಿದಿರುತ್ತದೆ. ಅದನ್ನು ಇನ್ನೂ ಬಿಗಿ ಮಾಡಿದರೆ ಪ್ಲೇಟುಗಳು ಸುಟ್ಟೇ ಹೋಗುತ್ತವೆ. ನಾನೂ ಒಮ್ಮೆ ಹಾಗೆ ಮಾಡಿ, ಆಮೇಲೆ ಕವರ್ ಬಿಚ್ಚಿದ್ದೆ. ಉಕ್ಕಿನ ಪ್ಲೇಟುಗಳ ಮೇಲೆ ನವಿಲುಗರಿಯಂಥ ನೀಲಿ ಮಚ್ಚೆ. ಎಣ್ಣೆಗೆ ಸೀದ ವಾಸನೆ. ಎರಡು ದಿನ ಬೆರಳಿನಿಂದ ಹೋಗಲಿಲ್ಲ.

ಹಾಗಾಗಿ ಚಾರ್ಟಿನಲ್ಲಿ 'ಜಾರುತ್ತಿದೆ' ಎಂಬುದರ ಕೆಳಗೆ ಮೊದಲ ಸಾಲು ಲಿವರ್ ತುದಿಯ ಸಡಿಲದ್ದೇ ಇರಲಿ. ಸಾಮಾನ್ಯವಾಗಿ 10ರಿಂದ 20 ಮಿ.ಮೀ. ಆಮೇಲೆ ಎಣ್ಣೆ. ಕಾರಿಗೆಂದು ಮಾಡಿದ, ಜಾರುಗುಣ ಹೆಚ್ಚಿಸಿದ ಎಣ್ಣೆ ಹಾಕಿದರೆ ಹೊಸ ಪ್ಲೇಟೂ ಜಾರುತ್ತದೆ. ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 ಗುರುತು ನೋಡಬೇಕು (ಎಣ್ಣೆಯಲ್ಲಿ ಮುಳುಗುವ ಕ್ಲಚ್ಚಿಗೆ ಹೊಂದುತ್ತದೆ ಎನ್ನುವ ಜಪಾನಿನ ಗುಣಮಟ್ಟದ ಗುರುತು ಅದು). ಇವೆರಡೂ ಸರಿ ಇದ್ದರೆ ಮಾತ್ರ ಕವರ್ ಬಿಚ್ಚುವುದು, ಸ್ಪ್ರಿಂಗಿನ ಉದ್ದ, ಪ್ಲೇಟಿನ ದಪ್ಪ ಅಳೆಯುವುದು.

11:48

ಎಣ್ಣೆ ಡಬ್ಬಿಯ ಪಾಠ ಚೆನ್ನಾಗಿದೆ. ಇದು ಪದಚರ್ಚೆ. 'ಕ್ಲಚ್' ಹಾಗೇ ಉಳಿಯಿತಲ್ಲ? ಇವತ್ತು ಕ್ಲಚ್, ನಾಳೆ ಸ್ಪ್ರಿಂಗ್, ನಾಡಿದ್ದು 'ಆಗು', 'ಮಾಡು' ಎರಡೇ ಕನ್ನಡ. ಸ್ಲಿಪ್ ಆಗು, ಅಡ್ಜಸ್ಟ್ ಮಾಡು. ಅದಕ್ಕೆ ಕನ್ನಡ ಅನ್ನುತ್ತೀರಾ?

12:02

ಮೇಷ್ಟ್ರೇ, ಚಾವಿ ಪೋರ್ಚುಗೀಸರದು. ಅಲಮಾರು ಅವರದೇ. ಖಾಲಿ ಅರಬ್ಬಿ. ಅವನ್ನೆಲ್ಲ ಹೊರಗೆ ಹಾಕಿದರೆ ಮನೆಗೆ ಬೀಗ ಹೇಗೆ ಹಾಕುತ್ತೀರಿ? ಇನ್ನು ಅರಿಸಮಾಸದ ಮಾತು. ದಿನಗೂಲಿ, ಮುಖಬೆಲೆ ಅನ್ನುವಾಗ ನಿಮ್ಮ ಹಾಲು ಒಡೆಯಲ್ವಾ?

ಕ್ಲಚ್ ಯಾವತ್ತೋ ಕನ್ನಡವಾಗಿದೆ. ಗುರುತು ಬೇಕಾ? ಬಾಯಿಗೆ ಬಂದ ತಕ್ಷಣ ಅದು ಕ್ಲಚ್ಚು ಆಗುತ್ತದೆ. ಬಸ್ಸು, ನಟ್ಟು, ಕ್ಲಚ್ಚು: ಗಿಡ್ಡ ಸ್ವರ ಇದ್ದರೆ ಒತ್ತು. ಕಾರು, ರೋಡು, ಗೇರು: ಉದ್ದ ಸ್ವರ ಇದ್ದರೆ ಒತ್ತಿಲ್ಲ. ಇದನ್ನು ಯಾರೂ ಕಲಿಸಿಲ್ಲ. ನಮ್ಮ ನಾಲಿಗೆಯೇ ಮಾಡಿಕೊಂಡದ್ದು.

12:10

ಬೀಗಕ್ಕೆ ಕೀಲಿ ಇದೆ. ಚಾವಿ ನಿಮಗಿರಲಿ.

12:40

ಜಗಳ ಆಮೇಲೆ ಆಡಿ, ದಯವಿಟ್ಟು. 'ಜಾರುತ್ತಿದೆ', 'ಎಳೆಯುತ್ತಿದೆ' ಎರಡನ್ನೂ ತೆಗೆದುಕೊಂಡೆ. ಆದರೆ ಫ್ರೀ ಪ್ಲೇಗೆ, ಅಂದರೆ ಲಿವರ್ ತುದಿ ಸುಮ್ಮನೆ ಆಡುವ ಆ 10-20 ಮಿ.ಮೀ.ಗೆ, 'ಸಡಿಲ' ಅಂದರೆ ಅದೇ ಒಂದು ದೋಷ ಅನ್ನಿಸುತ್ತದೆ. ಹುಡುಗರು ಸಡಿಲ ಕಂಡರೆ ಸಾಕು, ಬಿಗಿ ಮಾಡುತ್ತಾರೆ. ಇದು ಇರಲೇಬೇಕಾದ ಸಡಿಲ. 'ಆಟ' ಅನ್ನಲಾ?

12:44

ಪ್ಲೇ ಅಂದರೆ ಆಟ, ಅಲ್ವಾ? ನಿಘಂಟು ಬಿಚ್ಚಿಟ್ಟುಕೊಂಡು ಅನುವಾದ ಮಾಡಬೇಡಿ.

1:05

'ಬಿಡುವು'. ಇರಲೇಬೇಕಾದದ್ದು, ಇದ್ದರೆ ಒಳ್ಳೆಯದು. ಯಾರೂ ಬಿಡುವನ್ನು ರಿಪೇರಿ ಮಾಡಲು ಹೋಗುವುದಿಲ್ಲ. ಅಚ್ಚಗನ್ನಡ ಕೂಡ. ಇದನ್ನಾದರೂ ಒಪ್ಪಿ.

1:09

ಮೇಷ್ಟ್ರೇ, ಇದು ಚೆನ್ನಾಗಿದೆ. ಹಿಡಿಕಜಾರಿಕೆಯನ್ನು ಕ್ಷಮಿಸಿದ್ದೇನೆ.

3:30

ಅಚ್ಚಿಗೆ ಕೊಟ್ಟದ್ದು ಹೀಗಿದೆ:

ಕ್ಲಚ್ ಜಾರುತ್ತಿದೆ (ಇಂಜಿನ್ ಕೂಗುತ್ತದೆ, ಗಾಡಿ ಓಡುವುದಿಲ್ಲ): ಲಿವರಿಗೆ ಬಿಡುವು ಇದೆಯೇ ನೋಡಿ. ಇಲ್ಲದಿದ್ದರೆ ಕೇಬಲ್ ಸಡಿಲಿಸಿ.
ಕ್ಲಚ್ ಎಳೆಯುತ್ತಿದೆ (ಲಿವರ್ ಒತ್ತಿದರೂ ಗಾಡಿ ತೆವಳುತ್ತದೆ): ಬಿಡುವು ಜಾಸ್ತಿ ಇದೆಯೇ ನೋಡಿ. ಇದ್ದರೆ ಕೇಬಲ್ ಬಿಗಿ ಮಾಡಿ.

ಘರ್ಷಣಾತಟ್ಟೆ ತೆಗೆದು 'ಕ್ಲಚ್ ಪ್ಲೇಟು' ಹಾಕಿದ್ದೇನೆ. ಉಜ್ಜುಬಿಲ್ಲೆ ನನಗೂ ಇಷ್ಟವಾಯಿತು, ಆದರೆ ಅಂಗಡಿಯಲ್ಲಿ ಹುಡುಗ ಅದನ್ನು ಕೇಳಿದರೆ ಪಾತ್ರೆ ತಿಕ್ಕುವ ನಾರು ಕೊಟ್ಟಾರು. ಎಲ್ಲರಿಗೂ ಧನ್ಯವಾದ.

3:34

ಕೇಬಲ್ ಬಿಗಿ-ಸಡಿಲ ಮಾಡುವ ಅಡ್ಜಸ್ಟರಿಗೆ ಏನು ಹಾಕಿದಿರಿ?

3:35

ಅಡ್ಜಸ್ಟರ್.

3:36

ನಿರೀಕ್ಷಿಸಿದ್ದೆ.