ರೇಬಿಸ್ ಟೆಸ್ಟಿನ ಎಫ್‌ಐಟಿಸಿ ಆಂಟಿಬಾಡಿ: ಫ್ರಿಜ್ಜಿನಲ್ಲೋ, ಫ್ರೀಜರಿನಲ್ಲೋ?

ಪ್ರಶ್ನೆ (ಎಂ.ವಿ.ಎಸ್‌ಸಿ. ವಿದ್ಯಾರ್ಥಿ, ಹಾಸನ):
ಮೇಡಂ, ನಮಸ್ಕಾರ. ನಾಯಿ, ಹಸುಗಳ ಮಿದುಳಿನ ಸ್ಯಾಂಪಲ್‌ನಲ್ಲಿ ರೇಬಿಸ್ ನೋಡೋಕೆ ಎಫ್‌ಐಟಿಸಿ ಕಾಂಜುಗೇಟ್ (ಎಫ್‌ಐಟಿಸಿ ಅನ್ನೋ ಹೊಳೆಯುವ ಬಣ್ಣ ಅಂಟಿಸಿದ, ರೇಬಿಸ್ ವೈರಸ್ಸಿಗೆ ಅಂಟುವ ಆಂಟಿಬಾಡಿ) ತರಿಸ್ತಿದ್ದೇವೆ. ಬೆಂಗಳೂರಿಂದ ಮುಂದಿನ ವಾರ ಬರುತ್ತೆ. ದ್ರವರೂಪದ್ದು, 2–8 ಡಿಗ್ರಿಯಲ್ಲಿಡಿ ಅಂತ ಲೇಬಲ್ ಇದೆ. ಆದರೆ ಸೀನಿಯರ್ ಒಬ್ಬರು ‘ಮೈನಸ್ 20ರಲ್ಲಿಡು, ಜಾಸ್ತಿ ದಿನ ಬರುತ್ತೆ’ ಅಂತಾರೆ. ಮಳೆಗಾಲದಲ್ಲಿ ಇಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತೋ ಹೇಳೋಕಾಗಲ್ಲ. ಏನು ಮಾಡಲಿ?

ಉತ್ತರ (ಲ್ಯಾಬ್ ತಜ್ಞೆ):
ಲೇಬಲ್ ಹೇಳಿದ ಹಾಗೇ ಮಾಡಿ, ಫ್ರಿಜ್ಜಿನಲ್ಲಿಡಿ. ಪುಡಿಯಾಗಿ ಬರುವ ಕಾಂಜುಗೇಟನ್ನು ನೀರು ಸೇರಿಸಿ, ಒಂದೊಂದು ಸಲಕ್ಕೆ ಬೇಕಾದಷ್ಟೇ ಸಣ್ಣ ಟ್ಯೂಬುಗಳಿಗೆ ಹಂಚಿ ಮೈನಸ್ 20ರಲ್ಲಿಡೋದುಂಟು. ನಿಮ್ಮ ಸೀನಿಯರ್ ಅದನ್ನೇ ನೋಡಿರಬಹುದು. ನಿಮ್ಮದು ಹಾಗಲ್ಲ. ಹೆಪ್ಪುಗಟ್ಟಿ ಕರಗಿದಾಗಲೆಲ್ಲ ಆಂಟಿಬಾಡಿ ಒಂದಕ್ಕೊಂದು ಅಂಟಿ ಗಂಟಾಗುತ್ತೆ. ಆ ಗಂಟುಗಳೂ ಹೊಳೆಯುತ್ತವೆ! ಸ್ಲೈಡಿನಲ್ಲಿ ಸೇಬುಹಸಿರು ಬಣ್ಣದ ಪುಡಿಪುಡಿ ಚುಕ್ಕೆ ಕಂಡರೆ ಅದು ವೈರಸ್ಸೋ ಗಂಟೋ ಅಂತ ಹೊಸಬರಿಗೆ ತಿಳಿಯೋದೇ ಇಲ್ಲ. ಅನುಮಾನ ಬಂದರೆ ಕಾಂಜುಗೇಟನ್ನು ತಂಪು ಸೆಂಟ್ರಿಫ್ಯೂಜಿನಲ್ಲಿ 10,000 ಜಿಯಲ್ಲಿ (ಗುರುತ್ವದ 10,000 ಪಟ್ಟು) 5 ನಿಮಿಷ ತಿರುಗಿಸಿ, ಮೇಲಿನ ತಿಳಿಯನ್ನಷ್ಟೇ ಬಳಸಿ.

ವಯಲನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ನಡುವಿನ ತಟ್ಟೆಯಲ್ಲಿಡಿ. ಬಾಗಿಲ ಕಡೆ ಬೇಡ, ಐಸ್ ಕಟ್ಟುವ ಗೋಡೆಗೂ ತಾಗಬಾರದು. ಕರೆಂಟು ಹೋದಾಗ ಬಾಗಿಲು ತೆಗೆಯದಿದ್ದರೆ ಸುಮಾರು 4 ಗಂಟೆ ತಂಪು ನಿಲ್ಲುತ್ತೆ. ಖಾಲಿ ಜಾಗದಲ್ಲಿ ನೀರಿನ ಬಾಟಲಿ ತುಂಬಿಸಿಟ್ಟರೆ ಇನ್ನೂ ಒಳ್ಳೇದು. ಕನಿಷ್ಠ-ಗರಿಷ್ಠ ತೋರಿಸುವ ಥರ್ಮಾಮೀಟರ್ ಒಂದು ಒಳಗಿರಲಿ, ಬೆಳಿಗ್ಗೆ ಬಂದ ಕೂಡಲೇ ನೋಡಿ ಬರೆದಿಡಿ. ಒಂದೆರಡು ಗಂಟೆ ಬೆಚ್ಚಗಾದರೆ ಆಂಟಿಬಾಡಿ ಸಾಯಲ್ಲ, ಬೆಳಕಿಗೆ ಬಿಟ್ಟರೆ ಬಣ್ಣ ಮಾಸುತ್ತೆ. ಪಾರ್ಸೆಲ್ ಬರುವಾಗಲೂ ಜೆಲ್ ಪ್ಯಾಕ್ ನೇರ ವಯಲಿಗೆ ತಾಗದಂತೆ ಪೇಪರ್ ಸುತ್ತಿ ಕಳಿಸೋಕೆ ಹೇಳಿ.

ಪ್ರಶ್ನೆ (ಅದೇ ವಿದ್ಯಾರ್ಥಿ):
ಥ್ಯಾಂಕ್ಸ್ ಮೇಡಂ. ಹೋದ ವರ್ಷದ ಬ್ಯಾಚಿನವರಿಗೆ ಪಾಸಿಟಿವ್ ಕಂಟ್ರೋಲ್ (ರೇಬಿಸ್ ಇದೆ ಅಂತ ಮೊದಲೇ ಗೊತ್ತಿರುವ ಸ್ಲೈಡ್) ಕೂಡ ಮಂಕಾಗಿಯೇ ಕಾಣಿಸ್ತಿತ್ತಂತೆ. ಆಂಟಿಬಾಡಿ ಕೆಟ್ಟಿತ್ತು ಅಂತಲೇ?

ಉತ್ತರ:
ಅಷ್ಟು ಬೇಗ ಆಂಟಿಬಾಡಿಯನ್ನು ದೂರಬೇಡಿ. ಕವರ್‌ಸ್ಲಿಪ್ ಕೂರಿಸೋಕೆ ಹಾಕುವ ಗ್ಲಿಸರಾಲ್‌ನ ಪಿಎಚ್ ಮೊದಲು ನೋಡಿ. ಎಫ್‌ಐಟಿಸಿಗೆ ಹುಳಿ ಆಗಿಬರಲ್ಲ, ಪಿಎಚ್ ಇಳಿದ ಹಾಗೆ ಹೊಳಪೂ ಇಳಿಯುತ್ತೆ. 8.5ರಿಂದ 9ರ ಬಫರ್ ಸೇರಿಸಿದ ಗ್ಲಿಸರಾಲ್ ಹಾಕಿ, ಅದೇ ಸ್ಲೈಡು ಬೇರೆಯೇ ಕಾಣುತ್ತೆ. ಆಮೇಲೆ ಮೈಕ್ರೋಸ್ಕೋಪಿನ ದೀಪ ಹಳೆಯದಾ, ಫಿಲ್ಟರ್ ಸರಿಯಾದದ್ದಾ ನೋಡಿ. 495 ನ್ಯಾನೋಮೀಟರ್ ಹತ್ತಿರದ ನೀಲಿ ಬೆಳಕು ಬೀಳಬೇಕು, 520ರ ಹತ್ತಿರದ ಹಸಿರು ಕಣ್ಣಿಗೆ ಬರಬೇಕು. ಒಂದೇ ಜಾಗವನ್ನು ನೋಡುತ್ತಾ ಕೂತರೆ ಕಣ್ಣೆದುರೇ ಮಾಸುತ್ತೆ.

ಹೊಸ ಲಾಟ್ ಬಂದಾಗಲೆಲ್ಲ ನಿಮ್ಮ ಲ್ಯಾಬಿನಲ್ಲೇ ಟೈಟ್ರೇಶನ್ ಮಾಡಿ, ಅಂದರೆ ಕಾಂಜುಗೇಟನ್ನು ಎಷ್ಟು ತೆಳು ಮಾಡಿದರೆ ಚೆನ್ನಾಗಿ ಕಾಣುತ್ತೆ ಅಂತ ಪರೀಕ್ಷಿಸಿ. ತೆಳು ಮಾಡಿದ್ದನ್ನು ಅವತ್ತೇ ಬಳಸಿ ಮುಗಿಸಿ.

ಪ್ರಶ್ನೆ (ಉಪನ್ಯಾಸಕರು, ಚಿಕ್ಕಮಗಳೂರು):
ನಮ್ಮಲ್ಲಿ ಅವಧಿ ಮೀರಿದ ವಯಲ್ ಇದೆ ಮೇಡಂ. ಹೊಸದಕ್ಕೆ ದುಡ್ಡು ಮಂಜೂರಾಗೋದು ತಡ. ಕಂಟ್ರೋಲ್ ಚೆನ್ನಾಗಿಯೇ ಬರ್ತಿದೆ, ಬಳಸಬಹುದಾ?

ಉತ್ತರ:
ಸರ್, ವಿದ್ಯಾರ್ಥಿಗಳಿಗೆ ಕಲಿಸೋಕೆ ಧಾರಾಳವಾಗಿ ಬಳಸಿ. ರಿಪೋರ್ಟ್ ಕೊಡುವ ಸ್ಯಾಂಪಲ್‌ಗೆ ಬೇಡ. ಕಂಟ್ರೋಲ್ ಸ್ಲೈಡಿನಲ್ಲಿ ವೈರಸ್ ತುಂಬಾ ಇರುತ್ತೆ, ಸೊರಗಿದ ಆಂಟಿಬಾಡಿಯೂ ಅಲ್ಲಿ ಹೊಳೆದುಬಿಡುತ್ತೆ. ಕಡಿಮೆ ವೈರಸ್ ಇರುವ ಮಿದುಳು ಕೈತಪ್ಪಿ ಹೋಗುತ್ತೆ. ಹಸು ಜೊಲ್ಲು ಸುರಿಸ್ತಿದೆ, ಗಂಟಲಲ್ಲಿ ಏನೋ ಸಿಕ್ಕಿದೆ ಅಂತ ಬಾಯೊಳಗೆ ಕೈ ಹಾಕಿ ನೋಡಿದ ಮನೆಯವರು ನಮ್ಮ ರಿಪೋರ್ಟನ್ನೇ ನಂಬಿಕೊಂಡಿರ್ತಾರೆ. ಅಂಥವರು ರಿಪೋರ್ಟಿಗೂ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ ಲಸಿಕೆ ಶುರು ಮಾಡಬೇಕು, ದಯವಿಟ್ಟು ಅದನ್ನು ಸ್ಯಾಂಪಲ್ ತೆಗೆದುಕೊಳ್ಳುವಾಗಲೇ ಹೇಳಿಬಿಡಿ. ಸ್ಯಾಂಪಲ್ ಮುಟ್ಟುವ ನಿಮ್ಮ ಹುಡುಗರೆಲ್ಲರಿಗೂ ಮುಂಚಿತವಾಗಿಯೇ ಲಸಿಕೆ ಆಗಿರಲಿ. ಅಸಿಟೋನಿನಲ್ಲಿ ಅದ್ದಿದ ಸ್ಲೈಡನ್ನೂ ಗ್ಲೌಸ್ ಇಲ್ಲದೆ ಮುಟ್ಟಬೇಡಿ.