ಫ್ರಿಡ್ಜಿನ ಬಾಗಿಲದಾಗಿಂದ ಐಸ್ ಬರವಲ್ದು: ಮೋಟರ್ ಬದಲಿಸೂಕಿಂತ ಮೊದಲ ಏನ್ ನೋಡಬೇಕ್ರಿ?

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ): ಸೈಡ್ ಬೈ ಸೈಡ್ ಫ್ರಿಡ್ಜ್, ನೀರಿನ ಪೈಪ್ ಜೋಡಿಸಿದ್ದು. ಪ್ಯಾಡ್ ಒತ್ತಿದ್ರ ಗುಂಯ್ ಅಂತ ಸಪ್ಪಳ ಬರ್ತೈತಿ, ಐಸ್ ಬೀಳೂದಿಲ್ಲ. ಬಂದ್ ಆಗೂಕಿಂತ ಮೊದಲ ಬರ್ತಿದ್ದ ತುಂಡುಗಳೂ ಸಣ್ಣವು, ನಡುವ ಟೊಳ್ಳು. ವಾರಂಟಿ ಮುಗದೈತಿ. ನೋಡಾಕ ಬಂದವರು ಆಗರ್ ಮೋಟರ್ (ಐಸ್ ಮುಂದ ತಳ್ಳೋ ಸುರುಳಿ ತಿರಗಸೂ ಮೋಟರ್) ಬದಲಿಸಬೇಕು ಅಂದ್ರು. ಮನ್ಯಾಗ ನಾವ ಏನರ ಮಾಡಬಹುದಾ? ನಾವಿರೂದು ಗ್ರೌಂಡ್ ಫ್ಲೋರ್, ಮ್ಯಾಲೆ ಒಂದು ಮಾಳಿಗಿ, ಅದರ ಟೆರೇಸಿನ ಮ್ಯಾಲೆ ಸಿಂಟೆಕ್ಸ್.

ಉತ್ತರ (ಫ್ರಿಡ್ಜ್ ಮೆಕ್ಯಾನಿಕ್, ಕೇಶ್ವಾಪುರ): ಅಕ್ಕಾರ, ಮೋಟರ್ ಈಗ ತರಬ್ಯಾಡ್ರಿ. ಗುಂಯ್ ಅಂತೈತಿ ಅಂದ್ರ ಮೋಟರಿಗೆ ಕರೆಂಟ್ ಮುಟ್ಟೇತಿ, ಆದ್ರ ತಿರಗಾಕ ಆಗವಲ್ದು. ಬಾಗಿಲದ ಪ್ಯಾಡು, ಅದರ ಹಿಂದಿನ ಸ್ವಿಚ್ಚು, ಕೀಲಿನೊಳಗಿಂದ ಹಾಯೋ ವೈರು, ಇವೆಲ್ಲಾ ಸರಿ ಅದಾವು ಅಂತ ಈ ಸಪ್ಪಳನ ಹೇಳತೈತಿ. ಏನೂ ಸಪ್ಪಳ ಇಲ್ದಿದ್ರ ಮಾತು ಬ್ಯಾರೆ ಇತ್ತು. ಅವಾಗ ಮೊದಲ ಚೈಲ್ಡ್ ಲಾಕ್ ಬಿದ್ದೈತೇನು ನೋಡಬೇಕು. ಎಷ್ಟೋ ಮನ್ಯಾಗ ಆ ಬಟನ್ ಒತ್ತಿ ಮರತಿರ್ತಾರ.

ಐಸ್ ಡಬ್ಬಿ ಸ್ವಲ್ಪ ಮ್ಯಾಲೆತ್ತಿ ಮುಂದ ಎಳೀರಿ, ಹೊರಗ ಬರ್ತೈತಿ. ಅದರೊಳಗ ಸುರುಳಿ ಸುರುಳಿ ಕಂಬಿ ಇರ್ತೈತಲ್ಲ, ಅದ ಆಗರ್. ಕೈಯಿಂದ ತಿರುವಿ ನೋಡ್ರಿ. ಐಸ್ ಒಂದಕ್ಕೊಂದು ಹತ್ತಿ ಗಡ್ಡಿ ಆಗಿತ್ತಂದ್ರ ತಿರಗೂದಿಲ್ಲ. ಚಾಕು, ಸ್ಕ್ರೂಡ್ರೈವರ್ ಹಾಕಿ ಕುಟ್ಟಬ್ಯಾಡ್ರಿ, ಡಬ್ಬಿಯ ಪ್ಲಾಸ್ಟಿಕ್ ಸೀಳತೈತಿ. ಸಿಂಕಿನಾಗಿಟ್ಟು ಉಗುರುಬೆಚ್ಚಗಿನ ನೀರು ಹಾಕ್ರಿ. ಕುದಿಯೋ ನೀರು ಹಾಕಿದ್ರ ಡಬ್ಬಿ ಬಿರಿತೈತಿ. ಆಮ್ಯಾಲೆ ಒಣ ಅರಬಿಲೆ ಪೂರಾ ಒರಸಬೇಕು, ಆಗರಿನ ಸಂದ್ಯಾಗೂ. ಹಸಿ ಡಬ್ಬಿ ಹಂಗ ಒಳಗಿಟ್ರ ಮರುದಿನ ಮತ್ತ ಅದ ಗಡ್ಡಿ.

ಡಬ್ಬಿ ಹೊರಗಿದ್ದಾಗ ಮೋಟರ್ ಪರೀಕ್ಷೆ ಮಾಡಿಬಿಡ್ರಿ. ಬಾಗಿಲ ತೆರದಿದ್ರ ಆಗರ್ ತಿರಗಬಾರದು ಅಂತನ ಒಂದು ಸ್ವಿಚ್ ಇಟ್ಟಿರ್ತಾರ. ಒತ್ತೋ ಸ್ವಿಚ್ ಇದ್ರ ಒಬ್ಬರು ಅದನ್ನ ಒತ್ತಿ ಹಿಡೀರಿ, ಇನ್ನೊಬ್ಬರು ಪ್ಯಾಡ್ ಒತ್ರಿ. ಕೆಲವು ಮಾಡೆಲ್‌ನ್ಯಾಗ ಆ ಜಾಗಾದಾಗ ಆಯಸ್ಕಾಂತದ ಸ್ವಿಚ್ ಇರ್ತೈತಿ, ಅಲ್ಲಿ ಸಣ್ಣ ಆಯಸ್ಕಾಂತ ಹಿಡಿಬೇಕು. ಡಬ್ಬಿಯ ಹಿಂದ ಮೋಟರಿನ ಕೊಕ್ಕಿ ಕಾಣತೈತಿ, ಅದು ಜೋರಾಗಿ ತಿರಗಿದ್ರ ಮೋಟರ್ ಚೊಲೋ ಐತಿ. ಕೈ ದೂರ ಇರಲಿ. ಬರೇ ಗುಂಯ್ ಅಂದು ಕೊಕ್ಕಿ ಅಲಗಾಡದಿದ್ರ ಮಾತ್ರ ಮೋಟರಿನ ಮಾತು. ಕೊಕ್ಕಿ ತಿರಗತೈತಿ, ಡಬ್ಬಿ ಹಾಕಿದ ಮ್ಯಾಲೆ ಆಗರ್ ತಿರಗೂದಿಲ್ಲ ಅಂದ್ರ ಡಬ್ಬಿಯ ಹಿಂದ ಆ ಕೊಕ್ಕಿಗೆ ಜೋಡಾಗೋ ಪ್ಲಾಸ್ಟಿಕ್ ಕಪ್ಲರ್ ಮುರದಿರ್ತೈತಿ. ಗಡ್ಡಿ ಆದ ಐಸಿನ ಮ್ಯಾಲೆ ಪ್ಯಾಡ್ ಒತ್ತಿ ಒತ್ತಿ ಅದನ್ನ ಮುರಿಯೋದು ನಾವ. ಸಣ್ಣ ಭಾಗ, ಮೋಟರಿಗಿಂತ ಭಾಳ ಕಡಿಮಿ ರೊಕ್ಕ.

ಪ್ರಶ್ನೆ ಕೇಳಿದವರು: ಗಡ್ಡಿನ ಆಗಿತ್ರಿ. ಕರಗಿಸಿ ಒರಸಿ ಹಾಕಿದ್ವಿ, ಈಗ ಬರಾಕ್ಹತ್ತೈತಿ. ಆದ್ರ ಗಡ್ಡಿ ಯಾಕ ಆತು?

ಉತ್ತರ (ಅದ ಮೆಕ್ಯಾನಿಕ್): ಮೂರು ದಾರಿ ಅದಾವ್ರಿ. ತಾಸುಗಟ್ಟಲೆ ಕರೆಂಟ್ ಹೋದಾಗ ಮ್ಯಾಲಿನ ಐಸ್ ಕರಗಿ, ಕರೆಂಟ್ ಬಂದ ಮ್ಯಾಲೆ ಒಂದಾಗಿ ಹೆಪ್ಪುಗಟ್ಟತೈತಿ. ಹದಿನೈದು ದಿನ ಯಾರೂ ಐಸ್ ತಗೀಲಿಲ್ಲಂದ್ರೂ ಹಂಗ, ಅದಕ್ಕ ಊರಿಗೆ ಹೋಗೂ ಮುಂಚೆ ಡಬ್ಬಿ ಖಾಲಿ ಮಾಡಿ ಐಸ್ ಮೇಕರ್ ಆಫ್ ಮಾಡ್ರಿ. ಮೂರನೇದು ನೀರಿನ ಒತ್ತಡ ಕಡಿಮಿ ಆಗಿ ನೀರಿನ ವಾಲ್ವ್ ಪೂರಾ ಮುಚ್ಚದ ತೊಟ್ಟಿಕ್ಕೂದು. ನಿಮ್ಮ ತುಂಡು ಟೊಳ್ಳಿದ್ದುವು ಅಂದ್ರಿ, ಅದಕ್ಕ ನನಗ ಇದರ ಮ್ಯಾಲ ಸಂಶಯ.

ಉತ್ತರ (ಪ್ಲಂಬರ್, ಉಣಕಲ್): ಒತ್ತಡದ ಲೆಕ್ಕ ನಾ ಹೇಳತೀನಿ. ಇಂಥಾ ಫ್ರಿಡ್ಜಿನ ಬುಕ್ಕಿನ್ಯಾಗ ಸಾಮಾನ್ಯವಾಗಿ 20 ರಿಂದ 120 ಪಿಎಸ್‌ಐ (ನೀರಿನ ಒತ್ತಡದ ಅಳತಿ) ಬೇಕು ಅಂತ ಬರದಿರ್ತಾರ. ನೀರು 10 ಮೀಟರ್ ಎತ್ತರದಾಗಿದ್ರ ಸುಮಾರು 14 ಪಿಎಸ್‌ಐ. ಅಂದ್ರ 20 ಬರಬೇಕಂದ್ರ ಟ್ಯಾಂಕು ಫ್ರಿಡ್ಜಿಗಿಂತ 14 ಮೀಟರ್ ಮ್ಯಾಲಿರಬೇಕು. ನಿಮ್ಮದು ಹೆಚ್ಚಂದ್ರ 6-7 ಮೀಟರ್, 9-10 ಪಿಎಸ್‌ಐ. ನಡುವ ಫಿಲ್ಟರ್ ಬ್ಯಾರೆ ತಿಂತೈತಿ.

ಆ ವಾಲ್ವ್ ನೀರಿನ ಒತ್ತಡದಿಂದನ ಬಿಗಿಯಾಗಿ ಕೂಡೂ ಹಂಗ ಮಾಡಿರ್ತಾರ. ಒತ್ತಡ ಕಡಿಮಿ ಆದ್ರ ತೆರದಾಗ ಐಸಿನ ಟ್ರೇ ತುಂಬೂದಿಲ್ಲ, ಮುಚ್ಚಿದ ಮ್ಯಾಲೂ ಹನಿ ಬೀಳತಾವು. ಆ ಹನಿ ಫಿಲ್ ಟ್ಯೂಬಿನ್ಯಾಗ (ಟ್ರೇಗೆ ನೀರು ತರೋ ನಳಿಗ್ಯಾಗ) ಹೆಪ್ಪುಗಟ್ಟಿ ದಾರಿ ಕಟ್ಟತೈತಿ, ಇಲ್ಲಾ ಡಬ್ಬ್ಯಾಗ ಇಳದು ಐಸ್ ಅಂಟಸ್ತೈತಿ. ಇದಕ್ಕ ಹೊಸ ವಾಲ್ವ್ ಹಾಕಿದ್ರೂ ಅದ ಗೋಳು. ಪ್ರೆಶರ್ ಸ್ವಿಚ್ ಇರೋ ಸಣ್ಣ ಬೂಸ್ಟರ್ ಪಂಪ್ ಹಾಕಿ 40 ರಿಂದ 60 ಪಿಎಸ್‌ಐ ನಡುವ ಇಡ್ರಿ. ಆರ್‌ಒ ನೀರು ಕೊಡೂದಿದ್ರೂ ಪಂಪ್ ಬೇಕ, ಹೆಚ್ಚಿನ ಮನಿ ಆರ್‌ಒ ಟ್ಯಾಂಕಿನ್ಯಾಗ ಒತ್ತಡ ಅನ್ನೂದ ಇರೂದಿಲ್ಲ. ಆರ್‌ಒ ಟ್ಯಾಂಕ್ ಖಾಲಿ ಆದ್ರ ಪಂಪ್ ಬಂದ್ ಆಗೂ ಹಂಗ ಲೆವೆಲ್ ಸ್ವಿಚ್ ಹಾಕಸ್ರಿ, ಇಲ್ಲಂದ್ರ ಒಣ ಓಡಿ ಹಾಳಾಗತೈತಿ. ಕಾರ್ಪೊರೇಷನ್ ಲೈನಿಗೆ ನೇರ ಪಂಪ್ ಹಚ್ಚಬಾರದು. ಅದು ನಿಯಮಕ್ಕೂ ವಿರುದ್ಧ, ಓಣಿಯವರ ನೀರಿಗೂ ಕುತ್ತು.

ಫ್ರಿಡ್ಜಿಗೆ ಹೋಗೂ ಕಾಲು ಇಂಚಿನ ನೀರಿನ ಪೈಪ್ ಕತ್ತರಿಸುವಾಗ ನೇರ ಕತ್ತರಿಸ್ರಿ. ಓರೆ ಇದ್ರ ಪುಶ್ ಫಿಟ್ಟಿಂಗಿನ ಸೀಲ್ ಕೂಡೂದಿಲ್ಲ. ತುದಿ ತಡೆ ಸಿಗೂತನಕ ಒಳಗ ಒತ್ತಿ, ಒಮ್ಮೆ ಹಿಂದ ಎಳದು ನೋಡ್ರಿ.

ಉತ್ತರ (ಕೇಶ್ವಾಪುರದ ಮೆಕ್ಯಾನಿಕ್): ಪ್ಲಂಬರ್ ಅಣ್ಣಾರ ಮಾತಿಗೆ ಒಂದು ಸೇರಸ್ತೀನಿ. ವಾಲ್ವ್ ಕೆಟ್ಟೈತೋ ಫ್ರಿಡ್ಜಿನ ಎಲೆಕ್ಟ್ರಾನಿಕ್ ಬೋರ್ಡ್ ಕೆಟ್ಟೈತೋ ಅಂತ ತಿಳಿಯಾಕ ಫ್ರಿಡ್ಜಿನ ಪ್ಲಗ್ ತಗೀರಿ, ನೀರಿನ ಲೈನ್ ಚಾಲೂ ಇರಲಿ. ಪ್ಲಗ್ ತಗದ ಮ್ಯಾಲೂ ಟ್ರೇದಾಗ ಹನಿ ಬಿದ್ರ ವಾಲ್ವ್ ಒಳಗ ಕಸ ಸಿಕ್ಕಿರ್ತೈತಿ, ಇಲ್ಲಾ ಒತ್ತಡ ಸಾಲದು. ಪ್ಲಗ್ ತಗದ ಕೂಡಲೆ ನಿಂತ್ರ ಬೋರ್ಡ್ ವಾಲ್ವಿಗೆ ಸುಮ್ಮಸುಮ್ಮನ ಕರೆಂಟ್ ಕೊಡಾಕ್ಹತ್ತೈತಿ, ಅದು ಮನಿ ಕೆಲಸ ಅಲ್ಲ.

ಫಿಲ್ ಟ್ಯೂಬ್ ಕಟ್ಟಿದ್ರ ಪ್ಲಗ್ ತಗದು, ಸೂಜಿ ಇಲ್ದ ಸಿರಿಂಜಿನಿಂದ ಬೆಚ್ಚಗಿನ ನೀರು ಸ್ವಲ್ಪಸ್ವಲ್ಪ ಬಿಡ್ರಿ, ಕೆಳಗ ಅರಬಿ ಹಾಸಿ. ತಂತಿ, ದಬ್ಬಣ ಚುಚ್ಚಬ್ಯಾಡ್ರಿ. ಹೊಸ ಫ್ರಿಡ್ಜಿನ್ಯಾಗ ಹೆಚ್ಚಾಗಿ ಆರ್600ಎ ಗ್ಯಾಸ್ ಇರ್ತೈತಿ, ಬೆಂಕಿ ಹತ್ತೂ ಗ್ಯಾಸ್. ಚುಚ್ಚಿ ಆ ಗ್ಯಾಸಿನ ಪೈಪಿಗೆ ತೂತು ಬಿದ್ರ ರಿಪೇರಿ ಖರ್ಚೂ ಬರ್ತೈತಿ, ಅಪಾಯಾನೂ ಬರ್ತೈತಿ.

ಪ್ರಶ್ನೆ (ಧಾರವಾಡ, ಸಪ್ತಾಪುರ): ನಮ್ಮದು ಐಸ್ ಬೀಳತೈತ್ರಿ, ಆದ್ರ ಬೀಳೋ ಬಾಯಿ ಸುತ್ತ ಹಿಮ ಕಟ್ಟತೈತಿ, ಬಾಗಿಲ ಹೊರಗ ಬೆವರು.

ಉತ್ತರ (ಅದ ಮೆಕ್ಯಾನಿಕ್): ಬಾಯಿ ಮುಚ್ಚೋ ಸಣ್ಣ ಮುಚ್ಚಳ ಪೂರಾ ಕೂಡವಲ್ದು. ಐಸಿನ ಚೂರು ರಬ್ಬರಿನ ಅಂಚಿಗೆ ಹತ್ತಿ ಸಂದಿ ಬಿಟ್ಟಿರ್ತೈತಿ. ಬೆಚ್ಚಗಿನ ನೀರಿನ ಅರಬಿಲೆ ಒರಸಿ, ಮತ್ತ ಒಣ ಅರಬಿಲೆ ಒರಸ್ರಿ. ಪ್ಯಾಡ್ ಬಿಟ್ಟ ಮ್ಯಾಲೆ ಮುಚ್ಚಳ ಕೆಲವು ಸೆಕೆಂಡ್ ತಡದು ಮುಚ್ಚೂದು ಸಹಜ, ಬೀಳಾಕ ಉಳದ ತುಂಡಿಗೆ ಅಂತ ಹಂಗ ಇಟ್ಟಿರ್ತಾರ. ರಬ್ಬರ್ ಹರದಿದ್ರ, ಸ್ಪ್ರಿಂಗ್ ಸಡಿಲಿದ್ರ ಆ ಮುಚ್ಚಳ ಅಷ್ಟ ಬದಲಸ್ರಿ. ಪುಡಿ ಐಸ್ ಭಾಳ ತಗೋಳವರ ಮನ್ಯಾಗ ಇದು ಜಾಸ್ತಿ.

ಪ್ರಶ್ನೆ (ಗದಗ-ಬೆಟಗೇರಿ): ಬೋರಿನ ನೀರು. ಐಸ್ ಕರಗಿದ್ರ ಗ್ಲಾಸಿನ ತಳದಾಗ ಬಿಳಿ ಪುಡಿ. ಕುಡಿಯಾಕ ತೊಂದರಿ ಐತೇನು? ನೀರೂ ಈಗ ಸಣ್ಣಗ ಬರ್ತೈತಿ.

ಉತ್ತರ (ಪ್ಲಂಬರ್, ಉಣಕಲ್): ಆ ಪುಡಿ ಹೆಚ್ಚಾಗಿ ಸುಣ್ಣದ ಅಂಶ. ಗಡಸು ನೀರು ಹೆಪ್ಪುಗಟ್ಟುವಾಗ ಅದು ಬ್ಯಾರೆ ಆಗಿ ಉಳಿತೈತಿ, ಅಷ್ಟರಿಂದ ತೊಂದರಿ ಇಲ್ಲ. ಆದ್ರ ಬೋರಿನ ನೀರು ಕುಡಿಯಾಕ ಯೋಗ್ಯ ಐತೋ ಇಲ್ಲೋ ಅನ್ನೂದು ಪರೀಕ್ಷೆ ಮಾಡಿಸಿದ ಮ್ಯಾಲಿನ ಮಾತು. ಐಸ್ ಮಾಡಿದ್ರ ನೀರು ಶುದ್ಧ ಆಗೂದಿಲ್ಲ. ಸಣ್ಣಗ ಬರಾಕ ಮೊದಲ ಸಂಶಯ ಫಿಲ್ಟರಿನ ಮ್ಯಾಲೆ. ಆರು ತಿಂಗಳಿಗೆ ಬದಲಸ್ರಿ ಅಂತಾರ, ನಿಮ್ಮ ನೀರಿಗೆ ಅಷ್ಟೂ ತಡೀಲಿಕ್ಕಿಲ್ಲ. ಆಮ್ಯಾಲೆ ಫ್ರಿಡ್ಜಿನ ಹಿಂದ ವಾಲ್ವಿನ ಬಾಯಾಗ ಸಣ್ಣ ಜಾಳಿಗಿ ಇರ್ತೈತಿ. ಪ್ಲಗ್ ತಗದು, ನೀರು ಬಂದ್ ಮಾಡಿ, ಜಾಳಿಗಿ ಹೊರಗ ತಗದು ಅರ್ಧ ತಾಸು ವಿನೆಗರಿನ್ಯಾಗ ನೆನೆಸಿ ಹಳೇ ಹಲ್ಲಿನ ಬ್ರಷ್ಷಿಲೆ ತಿಕ್ರಿ. ತಿರುಗಿ ಹಾಕೂದು ಮರೀಬ್ಯಾಡ್ರಿ. ಜಾಳಿಗಿ ಇಲ್ದ ಬಿಟ್ರ ಉಸುಕಿನ ಕಣ ಒಳಗ ಹೋಗಿ ವಾಲ್ವ್ ಸೋರಾಕ ಸುರು ಆಗತೈತಿ.

ಮೊದಲ ಪ್ರಶ್ನೆ ಕೇಳಿದವರು (ವಿದ್ಯಾನಗರ): ಪಂಪ್ ಹಾಕಿಸಿದ ಮ್ಯಾಲೆ ಐಸ್ ಸರಿ ಆಗಾಕ ಎಷ್ಟು ಹೊತ್ತು?

ಉತ್ತರ (ಕೇಶ್ವಾಪುರದ ಮೆಕ್ಯಾನಿಕ್): ಫ್ರೀಜರ್ ಮೈನಸ್ 18ಕ್ಕ ಇಡ್ರಿ, ಒಂದು ದಿನ ಬಿಟ್ಟು ನೋಡ್ರಿ. ಮೊದಲಿನ ಎರಡು ಮೂರು ಟ್ರೇ ಐಸ್ ಚೆಲ್ಲಿಬಿಡ್ರಿ, ಹೊಸ ಪೈಪಿನ ವಾಸನಿ ಇರ್ತೈತಿ. ತುಂಡು ಟ್ರೇದ ಮನಿಯಷ್ಟು ತುಂಬಿ ಬಂದ್ರ ಒತ್ತಡ ಸರಿ ಐತಿ. ಆಮ್ಯಾಲೂ ಟೊಳ್ಳು ಬಂದ್ರ ಫಿಲ್ಟರ್ ತಗದು, ಫ್ರಿಡ್ಜ್ ಸಂಗಾಟ ಬೈಪಾಸ್ ಮುಚ್ಚಳ (ಫಿಲ್ಟರ್ ಇಲ್ದ ನೀರು ಹಾಯಾಕ ಬಿಡೋದು) ಕೊಟ್ಟಿದ್ರ ಅದನ್ನ ಹಾಕಿ ಒಂದು ದಿನ ನೋಡ್ರಿ. ಅವಾಗ ತುಂಬಿ ಬಂತಂದ್ರ ತಪ್ಪು ಫಿಲ್ಟರಿಂದು.