ಹಳೆಯ ಡ್ರಮ್ಮರ್‌ಗೆ ‘ಇನ್ನು ಸಾಕು’ ಅಂತ ಹೇಳುವುದು ಹೇಗೆ?

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮದು ಐದು ಜನರ ಬ್ಯಾಂಡ್. ರಿಸೆಪ್ಶನ್, ಕಾಲೇಜ್ ಫೆಸ್ಟ್, ಗಣೇಶೋತ್ಸವ, ರಾಜ್ಯೋತ್ಸವ ಎಲ್ಲಾ ಮಾಡ್ತೀವಿ, ಮೂರು ಸ್ವಂತ ಹಾಡೂ ಇವೆ. ಡ್ರಮ್ಮರ್ ಕೈಯಲ್ಲಿ ಲಯ ನಿಲ್ಲುತ್ತಿಲ್ಲ, ಎರಡನೇ ಚರಣದ ಹೊತ್ತಿಗೆ ಹಾಡು ಓಡಿಹೋಗುತ್ತೆ. ಮೊದಲಿನಿಂದ ಜೊತೆಗಿರುವ ಒಳ್ಳೆಯ ಗೆಳೆಯ. ಬರಹದಲ್ಲಿ ಒಪ್ಪಂದ ಏನೂ ಇಲ್ಲ. ಮನಸ್ಸು ಮುರಿಯದ ಹಾಗೆ ಹೇಗೆ ಬಿಡಿಸುವುದು?

ಉತ್ತರ (ಲೈವ್ ಸೌಂಡ್ ಎಂಜಿನಿಯರ್): ತಪ್ಪು ಕೈಯದೋ ಕಿವಿಯದೋ ಅನ್ನುವುದು ಮೊದಲು ಖಚಿತವಾಗಲಿ. ಶಬ್ದ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು. 8 ಮೀಟರ್ ಆಚೆಯ ಆಂಪ್ (ಗಿಟಾರಿನ ಶಬ್ದ ಹೊರಬಿಡುವ ಪೆಟ್ಟಿಗೆ) ಕೇಳಿಕೊಂಡು ಬಾರಿಸುವವನಿಗೆ ಎಲ್ಲವೂ 24 ಮಿಲಿಸೆಕೆಂಡ್ ತಡವಾಗಿ ಬರುತ್ತೆ, ಆಗ ಹಾಡು ನಿಧಾನವಾಗಿ ಎಳೆಯುತ್ತೆ. ನಿಮ್ಮಲ್ಲಿ ಓಡುತ್ತಿರುವುದರಿಂದ ನನ್ನ ಅನುಮಾನ ಫಿಲ್‌ಗಳ (ಸಾಲಿನ ಕೊನೆಯಲ್ಲಿ ಬಾರಿಸುವ ಸಣ್ಣ ಅಲಂಕಾರದ ತುಣುಕುಗಳ) ಮೇಲೆ: ಟಾಮ್ ಡ್ರಮ್‌ಗಳ ಮೇಲೆ ಒಂದು ಉರುಳಿಕೆ ಬಂದಾಗಲೆಲ್ಲ ಮುಂದಿನ ‘ಒಂದು’ (ತಾಳದ ಮೊದಲ ಪೆಟ್ಟು) ಬೇಗ ಬೀಳುತ್ತಿರಬಹುದು.

ಪರೀಕ್ಷೆ ಸುಲಭ. ಮೂರು ಹಾಡು ಆರಿಸಿ. ಇಯರ್‌ಫೋನಿನಲ್ಲಿ ಕ್ಲಿಕ್ (ಒಂದೇ ವೇಗದಲ್ಲಿ ಬಡಿಯುವ ಮೆಟ್ರೊನೋಮ್ ಶಬ್ದ) ಕೊಟ್ಟು ಒಮ್ಮೆ, ಕ್ಲಿಕ್ ಇಲ್ಲದೆ ಒಮ್ಮೆ ರೆಕಾರ್ಡ್ ಮಾಡಿ, ಪಲ್ಲವಿಯ ಮತ್ತು ಕೊನೆಯ ಚರಣದ ಬಿಪಿಎಂ (ನಿಮಿಷಕ್ಕೆ ಎಷ್ಟು ಪೆಟ್ಟು ಎಂಬ ವೇಗ) ಅಳೆಯಿರಿ. 100ಕ್ಕೆ ಶುರುವಾಗಿ 102ಕ್ಕೆ ಮುಗಿದರೆ ಬಿಟ್ಟುಬಿಡಿ. 108 ಆದರೆ ಹಾಡುವವರಿಗೆ ಉಸಿರು ಸಿಗಲ್ಲ. ಕ್ಲಿಕ್ ಜೊತೆ ಲಯ ನಿಲ್ಲುತ್ತಾ? ಹಾಗಿದ್ದರೆ ಬೇಕಿರುವುದು ಸ್ಟೇಜ್ ಮೇಲೂ ಕ್ಲಿಕ್ಕನ್ನು ಕಿವಿಯೊಳಗೇ ಕೇಳಿಸುವ ಇನ್-ಇಯರ್ ಮಾನಿಟರ್, ಹೊಸ ಡ್ರಮ್ಮರ್ ಅಲ್ಲ. ಕ್ಲಿಕ್ ಇದ್ದೂ ಜಾರಿದರೆ ಆ ರೆಕಾರ್ಡಿಂಗ್ ಅವರಿಗೇ ಕೇಳಿಸಿ, ಆರು ವಾರ ಕೊಡಿ. ‘ಇದು ಸರಿಹೋಗದಿದ್ದರೆ ಮುಂದುವರಿಯೋದು ಕಷ್ಟ’ ಅನ್ನುವ ಮಾತೂ ಅವತ್ತೇ ಬಾಯಿಬಿಟ್ಟು ಹೇಳಬೇಕು. ಇಷ್ಟು ಹೇಳದೆ ನೇರವಾಗಿ ತೆಗೆಯುವುದು ಅನ್ಯಾಯ.

ಉತ್ತರ (ಬ್ಯಾಂಡ್ ಮ್ಯಾನೇಜರ್): ಆರು ವಾರವೂ ಆಯಿತು, ಬದಲಾಗಲಿಲ್ಲ ಅಂದುಕೊಳ್ಳಿ. ಮಾತಾಡಲು ಇಬ್ಬರೇ ಹೋಗಿ. ನಾಲ್ವರೂ ಎದುರು ಕೂತರೆ ಪಂಚಾಯಿತಿ ಕಟ್ಟೆಯಾಗುತ್ತೆ. ಪ್ರಾಕ್ಟೀಸ್ ರೂಮ್ ಬೇಡ, ಶೋ ಮುಗಿದ ರಾತ್ರಿಯೂ ಬೇಡ, ವಾಟ್ಸಾಪ್ ಅಂತೂ ಬೇಡವೇ ಬೇಡ. ಟೀ ಬರುವುದರೊಳಗೆ ವಿಷಯ ಹೇಳಿಬಿಡಿ: ‘ಆರು ವಾರದ ಹಿಂದೆ ಮಾತಾಡಿದ್ವಲ್ಲ, ಲಯ ಇನ್ನೂ ನಿಲ್ಲುತ್ತಿಲ್ಲ. ಬೇರೆ ಡ್ರಮ್ಮರ್ ಜೊತೆ ಮುಂದುವರಿಯೋಣ ಅಂತ ತೀರ್ಮಾನ ಮಾಡಿದೀವಿ.’ ಆಮೇಲೆ ಅವರ ಮಾತು ಪೂರ್ತಿ ಕೇಳಿ, ಹಳೆಯ ತಕರಾರುಗಳನ್ನು ಕೆದಕಬೇಡಿ. ಹೆಚ್ಚಿನವರು ಎಡವುವುದು ‘ಸ್ವಲ್ಪ ದಿನ ಬ್ರೇಕ್ ತಗೋ’ ಅನ್ನುವಲ್ಲಿ. ಆತ ಕಾಯುತ್ತಾ ಕೂತಿರುತ್ತಾನೆ, ಒಂದು ದಿನ ರೀಲ್ಸ್‌ನಲ್ಲಿ ತನ್ನ ಜಾಗದಲ್ಲಿ ಬೇರೆಯವರನ್ನು ನೋಡುತ್ತಾನೆ. ನೇರವಾದ ಮಾತಿಗಿಂತ ಆ ನೋವು ದೊಡ್ಡದು.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ನಾಲ್ವರು ಒಪ್ಪಿದರೆ ಐದನೆಯವರನ್ನು ತೆಗೆಯಬಹುದಲ್ಲವೇ?

ಉತ್ತರ (ವಕೀಲರು): ಎಲ್ಲರೂ ಸೇರಿ ದುಡಿದು ಲಾಭ ಹಂಚಿಕೊಳ್ಳುತ್ತಿದ್ದರೆ, ಕಾಗದ ಇಲ್ಲದಿದ್ದರೂ ಕಾನೂನು ಅದನ್ನು ಪಾಲುದಾರಿಕೆ ಎಂದು ನೋಡಬಹುದು. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 33ನೇ ಕಲಂ ಪ್ರಕಾರ, ಒಪ್ಪಂದದಲ್ಲಿ ಆ ಅಧಿಕಾರ ಕೊಟ್ಟಿರದಿದ್ದರೆ ಬಹುಮತದಿಂದ ಪಾಲುದಾರರನ್ನು ಹೊರಹಾಕುವಂತಿಲ್ಲ. ಹಾಗಾಗಿ ಎರಡೂ ಕಡೆಯವರಿಗೆ ಒಪ್ಪಿಗೆಯಾದ ಒಂದು ಪುಟದ ಪತ್ರ ಮಾಡಿಕೊಳ್ಳಿ. ಯಾವ ದಿನದಿಂದ ಬೇರೆ, ಬಾಕಿ ಸಂಭಾವನೆ ಎಷ್ಟು, ಸಾಮೂಹಿಕ ದುಡ್ಡಲ್ಲಿ ಕೊಂಡ ಮಿಕ್ಸರ್, ಸ್ಪೀಕರಿನ ಇಂದಿನ ಬೆಲೆಯಲ್ಲಿ ಅವರ ಪಾಲೆಷ್ಟು, ಬ್ಯಾಂಡಿನ ಹೆಸರು ಯಾರ ಬಳಿ ಉಳಿಯುತ್ತೆ ಎಂಬುದೆಲ್ಲ ಅದರಲ್ಲಿರಲಿ. ಸ್ವಂತ ಹಾಡುಗಳ ವಿಷಯದಲ್ಲಿ ಎಚ್ಚರ: ರಾಗ ಅಥವಾ ಸಾಹಿತ್ಯದಲ್ಲಿ ಅವರ ಕೈ ಇದ್ದರೆ, ಬ್ಯಾಂಡ್ ಬಿಟ್ಟ ಮಾತ್ರಕ್ಕೆ ಕೃತಿಸ್ವಾಮ್ಯ ಹೋಗಲ್ಲ. ರೆಕಾರ್ಡಿಂಗ್‌ನಲ್ಲಿ ಬಾರಿಸಿದವರ ಹೆಸರನ್ನು ಅಳಿಸಲೂ ಬೇಡಿ.

ಪ್ರಶ್ನೆ (ಮೊದಲಿನವರು): ಅಡ್ವಾನ್ಸ್ ತೆಗೆದುಕೊಂಡ ಎರಡು ಶೋ ಇವೆಯಲ್ಲ?

ಉತ್ತರ (ಬ್ಯಾಂಡ್ ಮ್ಯಾನೇಜರ್): ಬಾರಿಸುತ್ತೀರಾ ಅಂತ ಅವರನ್ನೇ ಕೇಳಿ. ಬೇಡ ಅಂದರೆ ಒತ್ತಾಯ ಬೇಡ. ಬದಲಿಯವರಿಗೆ ಸೆಟ್‌ಲಿಸ್ಟ್, ಪ್ರತಿ ಹಾಡಿನ ಬಿಪಿಎಂ, ಹಾಡಿನ ನಡುವೆ ವಾದ್ಯ ನಿಲ್ಲಿಸುವ ಬ್ರೇಕ್ ಎಲ್ಲಿ ಎಂಬ ಟಿಪ್ಪಣಿ ಕೊಟ್ಟು ಕನಿಷ್ಠ ಎರಡು ಪ್ರಾಕ್ಟೀಸ್ ಮಾಡಿಸಿ. ಆದರೆ ಗೆಳೆಯನ ಜೊತೆ ಮಾತಾಡುವ ಮೊದಲು ಯಾರಿಗೂ ಆಡಿಷನ್ ಬೇಡ, ನಮ್ಮ ಊರಲ್ಲಿ ಡ್ರಮ್ಮರ್‌ಗಳೆಲ್ಲ ಒಬ್ಬರಿಗೊಬ್ಬರು ಗೊತ್ತು. ಬಾಕಿ ದುಡ್ಡು ಅದೇ ದಿನ ಕಳಿಸಿ. ಹಳೆಯ ವಾಟ್ಸಾಪ್ ಗ್ರೂಪಿನಿಂದ ಅವರನ್ನು ರಿಮೂವ್ ಮಾಡುವ ಬದಲು ಕೆಲಸಕ್ಕೆ ಹೊಸ ಗ್ರೂಪ್ ಮಾಡಿಕೊಳ್ಳಿ. ಇನ್‌ಸ್ಟಾಗ್ರಾಮ್‌ನಲ್ಲಿ ಹಾಕುವ ನಾಲ್ಕು ಸಾಲನ್ನು ಮೊದಲು ಅವರಿಗೆ ತೋರಿಸಿ, ಅವರು ಒಂದು ಪದ ಬದಲಿಸಿ ಅಂದರೆ ಬದಲಿಸಿ.